ಬೆಂಗಳೂರು-ಚೆನ್ನೈ: ಆಕಾಶದಲ್ಲಿ ಒಂದು ಗಂಟೆ, ನೆಲದ ಮೇಲೆ ನಾಲ್ಕು

ಬೆಂಗಳೂರು: ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಚೆನ್ನೈನ ಮೀನಂಬಾಕ್ಕಂ ವಿಮಾನ ನಿಲ್ದಾಣಕ್ಕೆ ನೇರ ವೈಮಾನಿಕ ಅಂತರ ಸುಮಾರು 270 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಪ್ರಯಾಣದ ಅವಧಿ ಒಂದು ಗಂಟೆಯ ಆಸುಪಾಸು. ಆದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಂದ ಹೊರಡುವವರಿಗೆ ಇದು ಪೂರ್ಣ ಲೆಕ್ಕವಲ್ಲ.

ಒಂದು ಗಂಟೆ ಏಕೆ?
ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರಬಲ್ಲ ವಿಮಾನಕ್ಕೆ ಈ ದೂರ ಕ್ರಮಿಸಲು 20 ನಿಮಿಷ ಸಾಲದೇ ಎಂಬ ಪ್ರಶ್ನೆ ಸಹಜ. ಇಷ್ಟು ಕಡಿಮೆ ದೂರದಲ್ಲಿ ಮೇಲೇರುವುದು ಮತ್ತು ಇಳಿಯುವುದರಲ್ಲೇ ಹಾರಾಟದ ಬಹುಪಾಲು ಕಳೆಯುತ್ತದೆ. ವಿಮಾನವು ನಿಂತ ಜಾಗದಿಂದ ಕದಲಿ ರನ್‌ವೇ ತಲುಪುವ ಹಾಗೂ ಇಳಿದ ಬಳಿಕ ನಿಲುಗಡೆಗೆ ಬರುವ ಸಮಯವೂ ವೇಳಾಪಟ್ಟಿಯಲ್ಲಿ ಸೇರಿದೆ.

ಹಿಗ್ಗಿದ ಹಾದಿ
2008ರ ಮೇ ತಿಂಗಳವರೆಗೆ ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದವು. ವೈಟ್‌ಫೀಲ್ಡ್‌ನಿಂದ ಅದು ಹತ್ತು-ಹನ್ನೆರಡು ಕಿ.ಮೀ. ಮಾತ್ರ. ಮೇ 24ರಂದು ದೇವನಹಳ್ಳಿ ಬಳಿಯ ನಿಲ್ದಾಣ ಕಾರ್ಯಾರಂಭ ಮಾಡಿದ ನಂತರ ಈ ದೂರ ಸುಮಾರು 40 ಕಿ.ಮೀ.ಗೆ ಏರಿತು. ಎಲೆಕ್ಟ್ರಾನಿಕ್ ಸಿಟಿಯವರು 50 ಕಿ.ಮೀ.ಗೂ ಹೆಚ್ಚು ದೂರ ನಗರವನ್ನು ದಾಟಿ ಹೋಗಬೇಕು. ದಟ್ಟಣೆಯ ಹೊತ್ತಿನಲ್ಲಿ ಇದಕ್ಕೆ ಎರಡು ಗಂಟೆ ಬೇಕಾಗುತ್ತದೆ. ಚೆಕ್-ಇನ್ ಮತ್ತು ತಪಾಸಣೆಗೆ ಒಂದೂವರೆ ಗಂಟೆ, ಹಾರಾಟಕ್ಕೆ ಒಂದು ಗಂಟೆ, ಚೆನ್ನೈ ನಗರ ಸೇರಲು ಮತ್ತೊಂದು ಗಂಟೆ ಸೇರಿದರೆ ಒಟ್ಟು ಐದೂವರೆ ಗಂಟೆ. ಇದೇ ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ಮಾರ್ಗವಾಗಿ ಕಾರಿನಲ್ಲಿ ಹೊರಟವರು ಸುಮಾರು ಆರು ಗಂಟೆಯಲ್ಲಿ ಚೆನ್ನೈ ತಲುಪುತ್ತಾರೆ.

ರೈಲಿನ ಅನುಕೂಲ
2022ರ ನವೆಂಬರ್‌ನಲ್ಲಿ ಆರಂಭವಾದ ಮೈಸೂರು-ಚೆನ್ನೈ ವಂದೇ ಭಾರತ್ ರೈಲು ಬೆಂಗಳೂರಿನಿಂದ ಚೆನ್ನೈ ಸೆಂಟ್ರಲ್‌ಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಸೇರುತ್ತದೆ. ಪೀಣ್ಯದವರು ಮೆಟ್ರೋ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದರೆ ರೈಲು ನಿಲ್ದಾಣ ಪಕ್ಕದಲ್ಲೇ ಇದೆ. ವೈಟ್‌ಫೀಲ್ಡ್‌ನವರಿಗೆ ಕೃಷ್ಣರಾಜಪುರ ನಿಲ್ದಾಣ ಹತ್ತಿರ. ಚೆನ್ನೈಗೆ ಹೋಗುವ ಹಲವು ರೈಲುಗಳು ಅಲ್ಲಿ ನಿಲ್ಲುತ್ತವೆ.

ಮುಂದೇನು?
ದೇವನಹಳ್ಳಿ ನಿಲ್ದಾಣದ ಒಪ್ಪಂದದಂತೆ ಮೈಸೂರು, ಹಾಸನ ಹೊರತುಪಡಿಸಿ 150 ಕಿ.ಮೀ. ವ್ಯಾಪ್ತಿಯಲ್ಲಿ 2033ರವರೆಗೆ ಹೊಸ ವಿಮಾನ ನಿಲ್ದಾಣಕ್ಕೆ ಅವಕಾಶವಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಹೊಸೂರಿನಲ್ಲಿ ನಿಲ್ದಾಣ ನಿರ್ಮಿಸುವುದಾಗಿ ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ಘೋಷಿಸಿದ್ದರೂ ಈ ಷರತ್ತು ಅದಕ್ಕೂ ಅಡ್ಡಿಯಾಗಿದೆ. ಹೀಗಾಗಿ ಹೊರವಲಯದ ನೌಕರರು ಮತ್ತು ಕಾರ್ಮಿಕರು ಟಿಕೆಟ್ ಕಾಯ್ದಿರಿಸುವ ಮುನ್ನ ವಿಮಾನದ ಸಮಯಕ್ಕಿಂತ ಮನೆ ಬಾಗಿಲಿನಿಂದ ನಿಲ್ದಾಣದವರೆಗಿನ ಸಮಯವನ್ನು ಮೊದಲು ಲೆಕ್ಕ ಹಾಕುವುದು ಲೇಸು.