ಅಗ್ಗಿಷ್ಟಿಕೆಯೂ ಗೃಹಿಣಿಯೂ

ಇಂಗ್ಲೆಂಡಿನ ಜನರು ಅಗ್ಗಿಷ್ಟಿಕೆಯನ್ನು ಕುಟುಂಬಸುಖದ ಪ್ರತೀಕವೆಂದು ಎಷ್ಟೇ ಕೊಂಡಾಡಿದರೂ, ನಸುಕಿನಲ್ಲೆದ್ದು ಬೂದಿಯನ್ನು ಬಾಚಿ, ಕಲ್ಲಿದ್ದಲನ್ನು ಹೊತ್ತು ತಂದು, ಚಳಿಯಲ್ಲಿ ನಡುಗುತ್ತ ಬೆಂಕಿ ಹೊತ್ತಿಸುವ ಭಾರವು ಗೃಹಿಣಿಯದೋ ಮನೆಗೆಲಸದವಳದೋ ಆಗಿದ್ದಿತು. ಮೊದಲನೆಯ ಮಹಾಯುದ್ಧದ ತರುವಾಯ ಆಳುಗಳು ದುರ್ಲಭರಾಗಲು, ಆ ಭಾರವು ಮಧ್ಯಮವರ್ಗದ ಗೃಹಿಣಿಯ ಹೆಗಲನ್ನೂ ಏರಿತು.

ವಿದ್ಯುತ್ ಕಂಪನಿಗಳಿಗೂ ಒಂದು ಚಿಂತೆಯಿದ್ದಿತು. ದೀಪಗಳು ಸಂಜೆ ಮಾತ್ರ ಉರಿಯುವುದರಿಂದ ಹಗಲಿನಲ್ಲಿ ವಿದ್ಯುತ್ ಉತ್ಪಾದಿಸುವ ಯಂತ್ರಗಳ ಶಕ್ತಿಯು ಬಹುಮಟ್ಟಿಗೆ ವ್ಯರ್ಥವಾಗುತ್ತಿದ್ದಿತು. ವಿದ್ಯುತ್ ಒಲೆ, ಹೀಟರುಗಳು ಮನೆಮನೆಗೂ ಬಂದರಲ್ಲದೆ ಆ ಕೊರತೆ ನೀಗುವಂತಿರಲಿಲ್ಲ. ಆದರೆ ಮಾರಾಟಗಾರರ ಎಂಜಿನಿಯರಿಂಗ್ ಪರಿಭಾಷೆಯು ಗೃಹಿಣಿಯಲ್ಲಿ ವಿಶ್ವಾಸಕ್ಕಿಂತ ಭೀತಿಯನ್ನೇ ಹುಟ್ಟಿಸುವಂತಿದ್ದಿತು.

ಈ ಕಂದಕಕ್ಕೆ ಸೇತುವೆಯಾಗಿ 1924ರಲ್ಲಿ ಮಹಿಳೆಯರ ವಿದ್ಯುತ್ ಸಂಘವು ಜನ್ಮತಾಳಿತು. ಅದರ ನಿರ್ದೇಶಕಿಯಾದ ಕ್ಯಾರೊಲಿನ್ ಹ್ಯಾಸ್ಲೆಟ್ ಸ್ವತಃ ಎಂಜಿನಿಯರ್. ಸ್ತ್ರೀಗೆ ವಸ್ತುವನ್ನು ಮಾರುವುದಕ್ಕೆ ಮೊದಲು ಜ್ಞಾನವನ್ನು ಕೊಡಬೇಕೆಂಬುದು ಆಕೆಯ ಕಾರ್ಯದ ತಿರುಳು. ಉಪನ್ಯಾಸ, ಪ್ರಾತ್ಯಕ್ಷಿಕೆ, ಪತ್ರಿಕೆಗಳ ಜೊತೆಗೆ 1934ರಲ್ಲಿ ಮಹಿಳೆಯರಿಗಾಗಿಯೇ ವಿದ್ಯುತ್ ಕೈಪಿಡಿಯೊಂದು ಪ್ರಕಟವಾಯಿತು. 1935ರಲ್ಲಿ ಬ್ರಿಸ್ಟಲ್ ನಗರದಲ್ಲಿ ಸಂಘವು ಸರ್ವವಿದ್ಯುತ್ ಗೃಹವೊಂದನ್ನೇ ಕಟ್ಟಿಸಿ ತೋರಿಸಿತು.

ಇದರಲ್ಲಿ ವ್ಯಾಪಾರಿಯ ಲಾಭವಿರಲಿಲ್ಲವೆಂದಲ್ಲ. ಬಡವರ ಮನೆಗೆ ಈ ಸೌಕರ್ಯವು ಬಹುಕಾಲ ಎಟುಕಲೂ ಇಲ್ಲ. ಆದರೂ, ಕೊಳ್ಳುವವಳನ್ನು ಮರುಳುಗೊಳಿಸುವುದಕ್ಕಿಂತ ತಿಳಿವಳಿಕೆಯುಳ್ಳವಳನ್ನಾಗಿಸುವುದೇ ಮೇಲೆಂದರಿತ ಈ ಪ್ರಯತ್ನವು, ವಾಣಿಜ್ಯದ ಇತಿಹಾಸದಲ್ಲಿ ಗೌರವಾರ್ಹವಾದ ಅಧ್ಯಾಯವೆಂದೇ ಎಣಿಸತಕ್ಕದ್ದು.