ಎರಡು ಕಿಟ್ ಸೇರಿಸಿ ನಿಖರವಾದ ಶರ್ಮನ್ ಟ್ಯಾಂಕ್ ಮಾದರಿ ಕಟ್ಟುವುದು ಹೇಗೆ?

ಪ್ಲಾಸ್ಟಿಕ್ ಕಿಟ್‌ನ ಡಬ್ಬದ ಮೇಲೆ 'ಶರ್ಮನ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಆದರೆ ಯಾವ ಶರ್ಮನ್? ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಲವು ಕಾರ್ಖಾನೆಗಳು ಸೇರಿ ಸುಮಾರು 49,000 ಶರ್ಮನ್‌ಗಳನ್ನು ತಯಾರಿಸಿದವು. ಎಂಜಿನ್, ದೇಹ, ಫಿರಂಗಿ ಎಲ್ಲವೂ ಕಾರ್ಖಾನೆಯಿಂದ ಕಾರ್ಖಾನೆಗೆ, ವರ್ಷದಿಂದ ವರ್ಷಕ್ಕೆ ಬದಲಾದವು. ಮೊದಲು ಕಿಟ್ ಕೊಂಡು ಆಮೇಲೆ ಫೋಟೊ ಹುಡುಕಿದರೆ ಅರ್ಧ ಕೆಲಸ ಮುಗಿದ ಮೇಲೆ ತಪ್ಪು ಗೊತ್ತಾಗುತ್ತದೆ. ನಮ್ಮಲ್ಲಿ ಸಿಗುವ ಬಹುತೇಕ ಒಳ್ಳೆಯ ಕಿಟ್‌ಗಳು ಆಮದಾಗಿ ಬರುವಂಥವು. ಹಾಗಾಗಿ ಈ ತಪ್ಪು ದುಬಾರಿಯೂ ಹೌದು. ಮೊದಲು ಟ್ಯಾಂಕ್ ಆರಿಸಿ, ಡಬ್ಬ ಆಮೇಲೆ.

ಅಳತೆ ಬೆರೆಸಬೇಡಿ

ಟ್ಯಾಂಕ್ ಮಾದರಿಗಳಲ್ಲಿ 1/35, 1/48 ಮತ್ತು 1/72 ಹೆಚ್ಚು ಬಳಕೆಯಲ್ಲಿರುವ ಅಳತೆಗಳು. ಸುಮಾರು 5.9 ಮೀಟರ್ ಉದ್ದದ ಶರ್ಮನ್ 1/35ರಲ್ಲಿ 17 ಸೆಂ.ಮೀ., 1/48ರಲ್ಲಿ 12 ಸೆಂ.ಮೀ., 1/72ರಲ್ಲಿ 8 ಸೆಂ.ಮೀ. ಬರುತ್ತದೆ. ಹಳೆಯ ಕೆಲವು ಕಿಟ್‌ಗಳು 1/76ರಲ್ಲಿವೆ. 1/72ಕ್ಕೂ ಇದಕ್ಕೂ ವ್ಯತ್ಯಾಸ ಸಣ್ಣದೆನಿಸಿದರೂ ಒಂದರ ಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಎರಡು ಕಿಟ್ ಸೇರಿಸುವ ಯೋಚನೆಯಿದ್ದರೆ 1/35 ಉತ್ತಮ. ಆಯ್ಕೆಯೂ ಬಿಡಿಭಾಗಗಳೂ ಇದರಲ್ಲೇ ಹೆಚ್ಚು.

ಒಂದು ಟ್ಯಾಂಕ್, ಒಂದು ದಿನ

'ಕೋಬ್ರಾ ಕಿಂಗ್' ಹೆಸರಿನ ಟ್ಯಾಂಕನ್ನೇ ತೆಗೆದುಕೊಳ್ಳಿ. 1944ರ ಡಿಸೆಂಬರ್ 26ರಂದು ಬೆಲ್ಜಿಯಂನ ಬಾಸ್ಟೋನ್ ಪಟ್ಟಣದ ಮುತ್ತಿಗೆ ಮುರಿದು ಮೊದಲು ಒಳಹೊಕ್ಕ ಅಮೆರಿಕನ್ ಟ್ಯಾಂಕ್ ಇದು. ಮಾದರಿ ಎಂ4ಎ3ಇ2, ಅಡ್ಡಹೆಸರು 'ಜಂಬೋ'. ದಪ್ಪ ಕವಚದ ಈ ಶರ್ಮನ್‌ಗಳು ತಯಾರಾದದ್ದು ಕೇವಲ 254. ಬಾಸ್ಟೋನ್ ತಲುಪಿದ ದಿನ ಕೋಬ್ರಾ ಕಿಂಗ್‌ನಲ್ಲಿದ್ದದ್ದು 75 ಮಿ.ಮೀ. ಫಿರಂಗಿ. ಮುಂದೆ ಅದೇ ಟ್ಯಾಂಕಿಗೆ 76 ಮಿ.ಮೀ. ಫಿರಂಗಿ ಕೂರಿಸಲಾಯಿತು. ಹೆಸರು ಒಂದೇ ಆದರೂ ದಿನಾಂಕ ಬದಲಾದರೆ ಮಾದರಿಯೂ ಬದಲಾಗಬೇಕು. ಆದ್ದರಿಂದ ಕೆಲಸ ಶುರು ಮಾಡುವ ಮುನ್ನ ಕಾಗದದ ಮೇಲೆ ಮೂರು ವಿಷಯ ಬರೆದುಕೊಳ್ಳಿ: ಯಾವ ಟ್ಯಾಂಕ್, ಎಲ್ಲಿ, ಯಾವಾಗ.

ಫೋಟೊದಲ್ಲಿ ಏನು ನೋಡಬೇಕು?

* ದೇಹದ ಅಂಚು ದುಂಡಗಿದ್ದರೆ ಅದು ಎರಕ ಹೊಯ್ದ ಎಂ4ಎ1.
* ಎಂ4ಎ2 ಮತ್ತು ಎಂ4ಎ3 ಎರಡೂ ಬೆಸುಗೆ ಹಾಕಿದ ದೇಹದವು. ಮೊದಲನೆಯದರಲ್ಲಿ ಜೋಡಿ ಡೀಸೆಲ್ ಎಂಜಿನ್, ಎರಡನೆಯದರಲ್ಲಿ ಫೋರ್ಡ್ ವಿ8 ಪೆಟ್ರೋಲ್ ಎಂಜಿನ್. ಹಿಂಭಾಗದ ಎಂಜಿನ್ ಮುಚ್ಚಳ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.
* ಎಂ4ಎ4ರ ದೇಹ ಬಹುತೇಕ ಬೇರೆ ಶರ್ಮನ್‌ಗಳಿಗಿಂತ ಉದ್ದ. ಬಹುತೇಕ ಬೇರೆ ಶರ್ಮನ್‌ಗಳ ಟ್ರ್ಯಾಕಿನಲ್ಲಿ ಒಂದು ಬದಿಗೆ 79 ಕೊಂಡಿಗಳಿದ್ದರೆ ಇದರಲ್ಲಿ 83.
* ಮುಂಭಾಗದ ಫಲಕ ಲಂಬದಿಂದ 56 ಡಿಗ್ರಿ ಬಾಗಿದ್ದು ಚಾಲಕನ ಮುಚ್ಚಳ ಚಿಕ್ಕದಿದ್ದರೆ ಆರಂಭದ ತಯಾರಿ. 47 ಡಿಗ್ರಿ ಇದ್ದು ಮುಚ್ಚಳ ದೊಡ್ಡದಿದ್ದರೆ ನಂತರದ್ದು.

ಯಾವುದನ್ನು ಸೇರಿಸಬಹುದು?

ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ. ಅಸಲಿ ಟ್ಯಾಂಕಿನಲ್ಲಿ ಯಾವ ಭಾಗ ಬದಲಾಯಿಸಬಹುದಿತ್ತೋ ಕಿಟ್‌ನಲ್ಲೂ ಅದನ್ನೇ ಬದಲಾಯಿಸಿ. ಎಲ್ಲ ಶರ್ಮನ್‌ಗಳ ಗೋಪುರ ಕೂರುವ ಉಂಗುರ 69 ಇಂಚು ಅಗಲ. ಆದ್ದರಿಂದಲೇ ಒಂದು ಕಿಟ್‌ನ ಗೋಪುರವನ್ನು ಇನ್ನೊಂದರ ದೇಹದ ಮೇಲೆ ಕೂರಿಸಲು ಸಾಧ್ಯ.

ಜಂಬೋದ ಗೋಪುರದೊಳಗಿನ ಫಿರಂಗಿ ಕಟ್ಟು 76 ಮಿ.ಮೀ. ಶರ್ಮನ್‌ನದ್ದೇ ಮಾದರಿಯದು. ಯುದ್ಧಭೂಮಿಯ ವರ್ಕ್‌ಶಾಪ್‌ಗಳಲ್ಲೇ ಫಿರಂಗಿ ಬದಲಿಸಲು ಆದದ್ದು ಇದರಿಂದ. ಮಾದರಿ ಕಟ್ಟುವವರಿಗೂ ಇದೇ ಅನುಕೂಲ. 75 ಮಿ.ಮೀ. ಜಂಬೋ ಕಿಟ್‌ಗೆ 76 ಮಿ.ಮೀ. ಶರ್ಮನ್ ಕಿಟ್‌ನ ನಳಿಗೆ ಹಾಕಿದರೆ ಯುದ್ಧದ ಕೊನೆಯ ತಿಂಗಳುಗಳ ಜಂಬೋ ಸಿದ್ಧ. ನಳಿಗೆಯ ತುದಿಯಲ್ಲಿ ಮಜಲ್ ಬ್ರೇಕ್ ಇತ್ತೇ ಎಂಬುದನ್ನು ಮಾತ್ರ ಫೋಟೊ ನೋಡಿ ನಿರ್ಧರಿಸಿ.

ಸಾಮಾನ್ಯ ಎಂ4ಎ3 ಕಿಟ್ ಈಗಾಗಲೇ ಮನೆಯಲ್ಲಿದೆಯೇ? 47 ಡಿಗ್ರಿ ದೇಹವಾದರೆ ಅದನ್ನೂ ಜಂಬೋ ಮಾಡಬಹುದು. ಮುಂಭಾಗಕ್ಕೂ ಪಕ್ಕಕ್ಕೂ ಹೆಚ್ಚುವರಿಯಾಗಿ ಬೆಸೆದ ಫಲಕಗಳ ದಪ್ಪ 38 ಮಿ.ಮೀ. 1/35ರಲ್ಲಿ ಅದು 1 ಮಿ.ಮೀ.ಗಿಂತ ತುಸು ಹೆಚ್ಚು. 1 ಮಿ.ಮೀ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿದರೆ ಸಾಕು. ಆದರೆ ಗೋಪುರ ಮತ್ತು ಮೂತಿಯ ಕೆಳಗಿನ ಉಬ್ಬು ಕವಚ ಜಂಬೋಗೆಂದೇ ಬೇರೆಯಾಗಿ ಎರಕ ಹೊಯ್ದವು. ಅವುಗಳನ್ನು ಹಾಳೆಯಿಂದ ಮಾಡಲಾಗದು, ಜಂಬೋ ಕಿಟ್‌ನಿಂದಲೇ ತೆಗೆದುಕೊಳ್ಳಬೇಕು. ಟಮಿಯಾ, ಅಸುಕಾ, ಮೆಂಗ್ ಕಂಪನಿಗಳು 1/35ರಲ್ಲಿ ಜಂಬೋ ತಂದಿವೆ.

ಅಂಟು ಹಾಕುವ ಮುನ್ನ ಅಳೆಯಿರಿ

ಎರಡು ಕಂಪನಿಗಳ ಭಾಗ ಸೇರಿಸುವಾಗ ಕ್ಯಾಲಿಪರ್ ಕೈಯಲ್ಲಿರಲಿ. 1/35ರಲ್ಲಿ ಗೋಪುರದ ಉಂಗುರ ಸುಮಾರು 50 ಮಿ.ಮೀ., ಚಕ್ರದ ವ್ಯಾಸ 14.5 ಮಿ.ಮೀ., ಸಾಮಾನ್ಯ ಟ್ರ್ಯಾಕಿನ ಅಗಲ 12 ಮಿ.ಮೀ. ಬರಬೇಕು. ಗೋಪುರ ಸಿಕ್ಕಿಸುವ ಹಲ್ಲುಗಳು ಕಂಪನಿಯಿಂದ ಕಂಪನಿಗೆ ಬೇರೆ. ಅವುಗಳನ್ನು ಉಜ್ಜಿ ತೆಗೆಯಬೇಕಾಗಬಹುದು. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಚಕ್ರ, ಟ್ರ್ಯಾಕ್, ಹಲ್ಲಿನ ಚಕ್ರ ಮೂರನ್ನೂ ಒಂದೇ ಕಿಟ್‌ನಿಂದ ತೆಗೆದುಕೊಂಡರೆ ತಲೆನೋವು ಕಡಿಮೆ.

ಮ್ಯೂಸಿಯಂ ಟ್ಯಾಂಕನ್ನೂ ಪರೀಕ್ಷಿಸಿ

2014ರ 'ಫ್ಯೂರಿ' ಚಿತ್ರದ ಟ್ಯಾಂಕ್ ಕಥೆಯಲ್ಲಿ ಎಂ4ಎ3ಇ8. ಆದರೆ ಚಿತ್ರೀಕರಣಕ್ಕೆ ಬಂದದ್ದು ಇಂಗ್ಲೆಂಡಿನ ಬೋವಿಂಗ್ಟನ್ ಮ್ಯೂಸಿಯಂನ ಎಂ4ಎ2. ಸಿನಿಮಾ ನೋಡಿಕೊಂಡು ಎಂಜಿನ್ ಮುಚ್ಚಳ ಮಾಡಿದವರು ಎಡವಿದಂತೆಯೇ. ಮ್ಯೂಸಿಯಂ ಟ್ಯಾಂಕ್‌ಗಳಿಗೂ ದುರಸ್ತಿ ವೇಳೆ ಬೇರೆ ಭಾಗ ಸೇರಿರಬಹುದು. ಆದರೂ ಎರಕದ ಒರಟು ಮೈ, ಬೆಸುಗೆಯ ಗೆರೆ ಅರ್ಥವಾಗಲು ಅಸಲಿ ಟ್ಯಾಂಕನ್ನು ಹತ್ತಿರದಿಂದ ನೋಡಲೇಬೇಕು. ಪುಣೆ, ಮುಂಬೈ ಕಡೆಯ ಕನ್ನಡಿಗರಿಗೆ ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ದೂರವಲ್ಲ.

ಕೊನೆಯದಾಗಿ, ಎರಡನೇ ಕಿಟ್ ಕೊಳ್ಳುವ ಮುನ್ನ ನಿಮಗೆ ಬೇಕಾದ ಭಾಗಗಳ ಪಟ್ಟಿ ಮಾಡಿ. ಪಟ್ಟಿಯಲ್ಲಿ ಬರೀ ನಳಿಗೆ ಇದ್ದರೆ ಬಿಡಿಯಾಗಿ ಸಿಗುವ ಲೋಹದ ನಳಿಗೆ ಸಾಕು. ಗೋಪುರ, ಕವಚ ಎರಡೂ ಬೇಕಿದ್ದರೆ ಬೆರೆಸುವ ಗೋಜಿಗೆ ಹೋಗದೆ ಸರಿಯಾದ ಕಿಟ್ ಒಂದನ್ನೇ ಕೊಳ್ಳುವುದು ಲಾಭ.