ಮೆಕ್ಕೆಜೋಳದ ಹೊಲ ಅಳೆದ ಪ್ರಾಧ್ಯಾಪಕ

ವಾತಾವರಣದ ದೂರಸಂವೇದನೆ ಓದುವ ಆಸೆ ಹೊತ್ತು ಬರುವ ಬಿ.ಎಸ್ಸಿ. ಮಕ್ಕಳ ಮೊದಲ ಅಳುಕು ಒಂದೇ: "ಸರ್, ನಾವು ಹವಾಮಾನಶಾಸ್ತ್ರ ಓದೇ ಇಲ್ಲ, ಸೀಟು ಕೊಡ್ತಾರಾ?" ದಾವಣಗೆರೆಯಲ್ಲಿ ಭೌತಶಾಸ್ತ್ರ ಕಲಿಸಿದ ನಾನು ಅವರಿಗೆ, ಉಪಗ್ರಹಗಳಿಂದ ವಾತಾವರಣವನ್ನು ಅಳೆದ ವಿಜ್ಞಾನಿ ವರ್ನರ್ ಸುವೋಮಿಯವರ ಬದುಕನ್ನು ಹೇಳುತ್ತೇನೆ.

ಸುವೋಮಿ ಹುಟ್ಟಿದ್ದು 1915ರಲ್ಲಿ, ಅಮೆರಿಕದ ಮಿನೆಸೋಟಾದ ಎವೆಲೆತ್ ಎಂಬ ಗಣಿ ಊರಿನಲ್ಲಿ. ಮೊದಲು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಎರಡನೇ ಮಹಾಯುದ್ಧದ ಕಾಲದಲ್ಲಿ ಶಿಕಾಗೋ ವಿಶ್ವವಿದ್ಯಾಲಯ ಸೇರಿ ಹವಾಮಾನ ಕಲಿತರು. 1948ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದಾಗ ಪಿಎಚ್.ಡಿ. ಇನ್ನೂ ಆಗಿರಲಿಲ್ಲ; ಆದದ್ದು 1953ರಲ್ಲಿ. ಪ್ರಬಂಧದ ವಿಷಯ ಮೆಕ್ಕೆಜೋಳದ ಹೊಲ: ಬಿಸಿಲಿನಿಂದ ಅದಕ್ಕೆ ಬಂದ ಶಾಖವೆಷ್ಟು, ಅದು ಬಿಟ್ಟುಕೊಟ್ಟದ್ದೆಷ್ಟು. ನಮ್ಮ ಸೀಮೆಯ ಮಕ್ಕಳಿಗೆ ಈ ಹೊಲವನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಜಮಾಖರ್ಚನ್ನು ಇಡೀ ಭೂಮಿಗೆ ಬರೆಯಬೇಕಾದರೆ ಮೇಲಿನಿಂದಲೇ ನೋಡಬೇಕು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕ ರಾಬರ್ಟ್ ಪೇರೆಂಟ್ ಜೊತೆ ಸೇರಿ ಅವರು ಉಪಕರಣ ಕಟ್ಟಿದರು. ಅದರಲ್ಲಿ ಕಪ್ಪು ಬಳಿದ ಸಂವೇದಕ ಬಿಸಿಲನ್ನೂ ಭೂಮಿ ಸೂಸುವ ಶಾಖವನ್ನೂ ಹೀರುತ್ತದೆ. ಬಿಳಿಯದು ಬಿಸಿಲನ್ನು ಹಿಂದಕ್ಕೆ ಚೆಲ್ಲಿ ಶಾಖವನ್ನಷ್ಟೇ ಹೀರುತ್ತದೆ. ಎರಡರ ಉಷ್ಣಾಂಶ ಹೋಲಿಸಿದರೆ ಎರಡು ವಿಕಿರಣಗಳೂ ಬೇರೆಬೇರೆಯಾಗಿ ಸಿಗುತ್ತವೆ. ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಅರ್ಥವಾಗುವ ತತ್ವ ಇದು. ಎಂಥ ಸೊಗಸಾದ ಯೋಚನೆ! 1959ರ ಜೂನ್, ಜುಲೈ ತಿಂಗಳ ಎರಡು ಉಡಾವಣೆಗಳು ಕೆಟ್ಟವು. ಅಕ್ಟೋಬರ್ 13ರಂದು ಈ ಉಪಕರಣ ಹೊತ್ತ ಎಕ್ಸ್‌ಪ್ಲೋರರ್ 7 ಉಪಗ್ರಹ ಕಕ್ಷೆ ಸೇರಿತು. ಭೂಮಿಯ ಶಾಖದ ಲೆಕ್ಕ ಬಾಹ್ಯಾಕಾಶದಿಂದ ಸಿಕ್ಕಿದ್ದು ಅಲ್ಲಿಂದಾಚೆಗೆ.

1966ರ ಎಟಿಎಸ್-1 ಇನ್ನೂ ದೊಡ್ಡ ಹೆಜ್ಜೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಆ ಉಪಗ್ರಹ ತನ್ನ ಸುತ್ತಲೇ ತಿರುಗುತ್ತಿತ್ತು. ಸುವೋಮಿ ಆ ತಿರುಗುವಿಕೆಯನ್ನೇ ಕ್ಯಾಮೆರಾದ ಕೆಲಸಕ್ಕೆ ಹಚ್ಚಿದರು: ಒಂದು ಸುತ್ತಿಗೆ ಚಿತ್ರದ ಒಂದು ಗೆರೆ. ಸುಮಾರು 20 ನಿಮಿಷಕ್ಕೊಂದು ಚಿತ್ರ ಬಂದಾಗ ಮೋಡದ ನಡೆ ಕಣ್ಣಿಗೆ ಬಿತ್ತು. ಮೋಡದ ನಡೆಯಿಂದ ಗಾಳಿಯ ವೇಗ. 1979ರಲ್ಲಿ ಅಮೆರಿಕದ ಒಂದು ಉಪಗ್ರಹವನ್ನು ಹಿಂದೂ ಮಹಾಸಾಗರದ ಮೇಲೆ ನಿಲ್ಲಿಸಿ, ನಮ್ಮ ಮುಂಗಾರಿನ ಗಾಳಿಯನ್ನೂ ಹೀಗೆಯೇ ವಿಸ್ಕಾನ್ಸಿನ್‌ನಲ್ಲಿ ಲೆಕ್ಕ ಹಾಕಿದರು.

ಬೇರೆ ವಿಷಯ ಓದಿ ಈ ಕ್ಷೇತ್ರಕ್ಕೆ ಬಂದವರು ನಮ್ಮಲ್ಲೂ ಇದ್ದಾರೆ. 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ವಿಜ್ಞಾನ ಕೇಂದ್ರ ಕಟ್ಟಿದ ರೊದ್ದಂ ನರಸಿಂಹ ಅವರು ಏರೋನಾಟಿಕ್ಸ್‌ನವರು. ಅಲ್ಲೇ ಮುಂಗಾರನ್ನು ಅಧ್ಯಯನ ಮಾಡಿದ ಸುಲೋಚನಾ ಗಾಡ್ಗೀಳ್ ಅನ್ವಯಿಕ ಗಣಿತದವರು. ಇಲ್ಲಾಗಲಿ, ಅಮೆರಿಕದಲ್ಲಾಗಲಿ ಇಂಥ ವಿಭಾಗಗಳು ಗಣಿತ, ಭೌತಶಾಸ್ತ್ರ, ಇಂಜಿನಿಯರಿಂಗ್ ಓದಿದವರನ್ನು ತೆಗೆದುಕೊಳ್ಳುತ್ತವೆ. ಹವಾಮಾನದ ಪದವಿಯೇ ಬೇಕೆಂಬ ಹಟವಿಲ್ಲ, ಗಣಿತ ಗಟ್ಟಿಯಿರಬೇಕು.

ಆದ್ದರಿಂದ ಈ ದಾರಿ ಹಿಡಿಯುವ ಮಕ್ಕಳೇ, ಅವಕಲ ಸಮೀಕರಣ, ಉಷ್ಣಗತಿಶಾಸ್ತ್ರ, ವಿಕಿರಣದ ಪಾಠಗಳನ್ನು ಪರೀಕ್ಷೆಗೆಂದು ಉರು ಹೊಡೆಯಬೇಡಿ, ಲೆಕ್ಕ ಮಾಡಿ ಕಲಿಯಿರಿ. ಪ್ರೋಗ್ರಾಮಿಂಗ್ ಕಲಿಯಿರಿ. ಅರ್ಜಿ ಹಾಕಲು ಹೆದರಬೇಡಿ.